ಗುಡ್ಡದ ಊರಿನ ಹಳ್ಳ ಕೆಟ್ಟಿದೆ, ಎಲ್ಲಿಂದ ಹುಡುಕಬೇಕು?

ಮೊದಲೇ ಹೇಳಿಬಿಡುತ್ತೇನೆ. ಹಳ್ಳದಲ್ಲಿ ಕಾಣುವ ದೋಷದ ಕಾರಣ ಹಳ್ಳದೊಳಗೇ ಇರುವುದು ಅಪರೂಪ. ಗುಡ್ಡದ ಮೇಲೆ ಬೆಳೆದ ಊರಲ್ಲಂತೂ ಕಾರಣ ಮೇಲಿರುತ್ತದೆ, ಅದರ ಫಲ ಕೆಳಗೆ ಕಾಣುತ್ತದೆ. ಮನೆ, ರಸ್ತೆ, ಪಾರ್ಕಿಂಗ್ ಎಲ್ಲ ದಿಣ್ಣೆಯ ಮೇಲೆ. ಕಟ್ಟಲು ಆಗದಷ್ಟು ಕಡಿದಾದ ಇಳಿಜಾರು ಮತ್ತು ಅದರ ತಳದ ಹಳ್ಳ ಮಾತ್ರ ಮರಗಳ ಜೊತೆ ಉಳಿದುಕೊಂಡಿರುತ್ತವೆ. ಎಷ್ಟೋ ಕಡೆ ಆ ಕಾಡನ್ನು ಯಾರೂ ಬೇಕೆಂದು ಉಳಿಸಿದ್ದಲ್ಲ, ಅಲ್ಲಿಗೆ ಜೆಸಿಬಿ ಇಳಿಯಲಿಲ್ಲ ಅಷ್ಟೇ.

ಅಲ್ಲಿ ಏನೋ ಸರಿಯಿಲ್ಲ ಅನ್ನಿಸಿದಾಗ ನಾವು ಸಾಮಾನ್ಯವಾಗಿ ಮೂರು ಕೆಲಸ ಮಾಡುತ್ತೇವೆ. ಬಿದ್ದ ಮರ ಎಳೆದು ಹಳ್ಳ ಕ್ಲೀನ್ ಮಾಡುತ್ತೇವೆ, ದಡಕ್ಕೆ ಕಲ್ಲು ಕಟ್ಟುತ್ತೇವೆ, ಸಸಿ ನೆಡುತ್ತೇವೆ. ಮೂರೂ ಒಳ್ಳೆಯ ಮನಸ್ಸಿನ ಕೆಲಸಗಳೇ. ಆದರೆ ಕಾರಣ ಗೊತ್ತಿಲ್ಲದೆ ಮಾಡಿದರೆ ಮೊದಲನೆಯದರಿಂದ ಹಾನಿ, ಎರಡನೆಯದು ತೊಂದರೆಯನ್ನು ಕೆಳಗಿನವರಿಗೆ ದಾಟಿಸುತ್ತದೆ, ಮೂರನೆಯದು ದುಡ್ಡು ದಂಡ. ನಾನೂ ಈ ಮೂರನ್ನು ಮಾಡಿದವನೇ, ಅದಕ್ಕೇ ಸ್ವಲ್ಪ ಖಾರವಾಗಿ ಬರೆಯುತ್ತಿದ್ದೇನೆ.

ಎರಡು ಸಲ ಹೋಗಿ

ಒಂದು ಸಲ ಹೋಗಿ ನೋಡಿ ಬಂದರೆ ಏನೂ ತಿಳಿಯುವುದಿಲ್ಲ. ಕನಿಷ್ಠ ಮೂರು ದಿನ ಮಳೆ ಇಲ್ಲದಾಗ ಒಮ್ಮೆ ಹೋಗಿ. ಇನ್ನೊಮ್ಮೆ ಮಳೆ ಸುರಿಯುತ್ತಿರುವಾಗಲೇ ಹೋಗಿ, ಆದರೆ ದೂರದಲ್ಲಿ, ಎತ್ತರದಲ್ಲಿ, ಗಟ್ಟಿ ನೆಲದ ಮೇಲೆ ನಿಂತು ನೋಡಿ. ಊರಿನ ಹಳ್ಳ ಹತ್ತು ನಿಮಿಷದಲ್ಲಿ ಮೊಣಕಾಲಿನಿಂದ ಎದೆ ಮಟ್ಟಕ್ಕೆ ಏರಬಹುದು, ಇದು ತಮಾಷೆಯ ಮಾತಲ್ಲ. ಮೋರಿ ಕೊಳವೆಯೊಳಗೆ ತಲೆ ಹಾಕುವ ಸಾಹಸವೂ ಬೇಡ.

ಸಾಮಾನು ಜಾಸ್ತಿ ಬೇಡ. ಒಂದು ಥರ್ಮಾಮೀಟರ್, ನೀರು ಹುಳಿಯೋ ಕ್ಷಾರವೋ ಅಂತ ತೋರಿಸುವ ಪಿಎಚ್ ಪಟ್ಟಿ, ನೀರಿನಲ್ಲಿ ಕರಗಿದ ಲವಣ ಅಳೆಯುವ ಚಿಕ್ಕ ಮೀಟರ್, ಒಂದು ಜರಡಿ, ಬಿಳಿ ತಟ್ಟೆ, ಉದ್ದದ ಕೋಲು, ಫೋನ್. ಗಮ್ ಬೂಟು ಹಾಕಿಕೊಳ್ಳಿ, ವಾಪಸ್ ಬಂದು ಕೈ ಚೆನ್ನಾಗಿ ತೊಳೆಯಿರಿ. ಮುಖ್ಯವಾದ ಒಂದು ನಿಯಮ: ಕೆಳಗಿನಿಂದ ಮೇಲಕ್ಕೆ ನಡೆಯಿರಿ. ಹೋಗುತ್ತಾ ಪ್ರತಿ ಕವಲಿನಲ್ಲೂ, ಪ್ರತಿ ಮೋರಿ ಬಾಯಿಯಲ್ಲೂ ನಿಂತು ಅಳೆಯಿರಿ. ಕೆಟ್ಟ ನೀರು ಇದ್ದಕ್ಕಿದ್ದಂತೆ ಒಳ್ಳೆಯ ನೀರಾಯಿತು ಅಂದರೆ ದೋಷದ ಬಾಗಿಲನ್ನು ಈಗಷ್ಟೇ ದಾಟಿ ಬಂದಿದ್ದೀರಿ ಎಂದರ್ಥ. ಎಲೆಕ್ಟ್ರಿಷಿಯನ್ ದೋಷ ಹುಡುಕುವ ಹಾಗೆ, ಒಂದೊಂದೇ ಭಾಗ ಪರೀಕ್ಷಿಸುತ್ತಾ ಹೋಗುವುದು.

ಒಣ ದಿನವೂ ಮೋರಿಯಿಂದ ನೀರು ಬರುತ್ತಿದೆ

ಮಳೆನೀರಿನ ಮೋರಿ ಮಳೆ ನಿಂತು ಮೂರು ದಿನ ಆದ ಮೇಲೂ ಹರಿಯುತ್ತಿದ್ದರೆ ಆ ನೀರು ಬಹುತೇಕ ಮೂರರಲ್ಲಿ ಒಂದು: ಒರತೆ, ಒಡೆದ ಕುಡಿಯುವ ನೀರಿನ ಪೈಪು, ಇಲ್ಲವೇ ಕೊಳಚೆ. ಮೂಗು ಅರ್ಧ ಉತ್ತರ ಹೇಳುತ್ತದೆ, ಆದರೆ ಮೂಗನ್ನೇ ನಂಬಬೇಡಿ. ಬಟ್ಟೆ ಒಗೆದ ನೀರಿಗೆ ಒಳ್ಳೆಯ ಪರಿಮಳವೇ ಇರುತ್ತದೆ.

ಸುಲಭದ ಪರೀಕ್ಷೆ ಗಡಿಯಾರ. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಮೂರಕ್ಕೆ, ಸಾಧ್ಯವಾದರೆ ರಾತ್ರಿ ತಡವಾಗಿ ಒಂದು ಸಲ, ಅದೇ ಮೋರಿಯ ಕೆಳಗೆ ಬಕೆಟ್ ಹಿಡಿದು ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ನೋಡಿ. ಒರತೆಗೆ ಗಡಿಯಾರ ಗೊತ್ತಿಲ್ಲ, ಅದು ಒಂದೇ ಸಮ ಹರಿಯುತ್ತದೆ. ಜನ ಸ್ನಾನ ಮಾಡುವ ಹೊತ್ತಿಗೆ ಹೆಚ್ಚಾಗಿ ರಾತ್ರಿ ಇಳಿದರೆ ಅದು ಮನೆಗಳ ನೀರು. ಕುಡಿಯುವ ನೀರಿನ ಪೈಪು ಸೋರುತ್ತಿದ್ದರೆ ಕೆಲವೊಮ್ಮೆ ತಿರುಗಾಮುರುಗಾ ಆಗುತ್ತದೆ. ರಾತ್ರಿ ಯಾರೂ ನಲ್ಲಿ ಬಿಡದಿದ್ದಾಗ ಪೈಪಿನಲ್ಲಿ ಒತ್ತಡ ಏರಿ ಸೋರಿಕೆ ಜಾಸ್ತಿ. ಈಜುಕೊಳದವರು ಬಳಸುವ ಕ್ಲೋರಿನ್ ಪಟ್ಟಿ ಅದ್ದಿ ನೋಡಬಹುದು. ಬಣ್ಣ ಬಂದರೆ ನಲ್ಲಿ ನೀರು ಎಂದು ಸಾಕಷ್ಟು ಧೈರ್ಯವಾಗಿ ಹೇಳಬಹುದು. ಬರದಿದ್ದರೆ ಏನೂ ಹೇಳಲಾಗದು, ಯಾಕೆಂದರೆ ಮಣ್ಣಿನಲ್ಲಿ ಸ್ವಲ್ಪ ದೂರ ಹರಿದರೂ ಕ್ಲೋರಿನ್ ಕಳೆದುಹೋಗುತ್ತದೆ.

ಬಟ್ಟೆ ಒಗೆದ ನೀರನ್ನು ಹಿಡಿಯಲು ನನಗೆ ತುಂಬಾ ಇಷ್ಟವಾದ ಒಂದು ಉಪಾಯ ಇದೆ. ಹೊಳಪು ಹಾಕದ ಹತ್ತಿಯನ್ನು ತಂತಿ ಜಾಲರಿಯಲ್ಲಿಟ್ಟು ಮೋರಿಯ ಬಾಯಿಗೆ ಕಟ್ಟಿ, ನಾಲ್ಕೈದು ದಿನ ಬಿಡಿ. ಆಮೇಲೆ ತೊಳೆದು ಒಣಗಿಸಿ, ಕತ್ತಲೆಯಲ್ಲಿ ಯುವಿ ಟಾರ್ಚ್ ಹಿಡಿಯಿರಿ. ಬಟ್ಟೆ ಬೆಳ್ಳಗೆ ಕಾಣಲಿ ಅಂತ ಸೋಪಿನ ಪುಡಿಯಲ್ಲಿ ಸೇರಿಸುವ ಹೊಳಪುಕಾರಕ ಹತ್ತಿಗೆ ಅಂಟಿಕೊಂಡಿದ್ದರೆ ಅದು ನೀಲಿ ಬಿಳುಪಾಗಿ ಮಿಂಚುತ್ತದೆ. ಮೇಲೆ ಎಲ್ಲೋ ಒಂದು ಮನೆಯ ಬಚ್ಚಲಿನ ಪೈಪನ್ನು ಒಳಚರಂಡಿಗೆ ಜೋಡಿಸುವ ಬದಲು ಮಳೆನೀರಿನ ಮೋರಿಗೆ ಜೋಡಿಸಿದ್ದಾರೆ. ಬೇಕೆಂದೇ ಮಾಡಿರಬೇಕಿಲ್ಲ, ಎರಡೂ ಪೈಪು ಪಕ್ಕಪಕ್ಕದಲ್ಲಿದ್ದಾಗ ಕೈತಪ್ಪಿನಿಂದಲೂ ಆಗುತ್ತದೆ. ಯಾವ ಮನೆ ಅಂತ ಹುಡುಕುವುದು ನಿಮ್ಮ ಕೆಲಸವಲ್ಲ. ಅದಕ್ಕೆ ಬಣ್ಣ ಬಿಟ್ಟು ಪತ್ತೆ ಮಾಡುತ್ತಾರೆ, ಆ ಅಧಿಕಾರ ಇರುವ ಕಚೇರಿಗೆ ಫೋಟೋ, ಸಮಯ, ಅಳತೆ ಸಮೇತ ಬರೆಯಿರಿ. "ಹಳ್ಳ ನಾರುತ್ತಿದೆ" ಅಂತ ಬರೆದ ದೂರಿಗೂ "ಈ ಮೋರಿಯಲ್ಲಿ ಬೆಳಿಗ್ಗೆ ಏಳಕ್ಕೆ ಬಕೆಟ್ 20 ಸೆಕೆಂಡಿಗೆ ತುಂಬುತ್ತದೆ, ರಾತ್ರಿ 3 ನಿಮಿಷ ಬೇಕು" ಅಂತ ಬರೆದ ದೂರಿಗೂ ಬರುವ ಉತ್ತರವೇ ಬೇರೆ.

ಬಣ್ಣ, ನೊರೆ, ಜಿಡ್ಡು

ಇಲ್ಲಿ ಸುಳ್ಳು ಎಚ್ಚರಿಕೆಗಳು ಜಾಸ್ತಿ, ಬೇಗ ಬೇಗ ಹೇಳಿಬಿಡುತ್ತೇನೆ.

ನೀರ ಮೇಲೆ ಕಾಮನಬಿಲ್ಲಿನ ಹಾಗೆ ಜಿಡ್ಡು ಕಂಡರೆ ಕೋಲಿನಿಂದ ಕಲಕಿ. ಗಾಜಿನ ಹಾಗೆ ಚೂರು ಚೂರಾಗಿ ಒಡೆದು ಹಾಗೇ ದೂರ ನಿಂತರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಪೊರೆ, ಎಣ್ಣೆಯಲ್ಲ. ಸುತ್ತಿಕೊಂಡು ಮತ್ತೆ ಒಂದಾದರೆ ಪೆಟ್ರೋಲ್, ಡೀಸೆಲ್, ಆಯಿಲ್. ಅದೇ ಬ್ಯಾಕ್ಟೀರಿಯಾ ಕಿತ್ತಳೆ ಬಣ್ಣದ ಲೋಳೆಯನ್ನೂ ಮಾಡುತ್ತದೆ. ನೋಡಲು ಅಸಹ್ಯ, ಆದರೆ ಒರತೆ ಇರುವಲ್ಲಿ ಅದು ಸಹಜ. ಹಳೆಯ ಗಣಿ ಇರುವ ಗುಡ್ಡವಾದರೆ ಮಾತ್ರ ಪಿಎಚ್ ನೋಡಿ. ತೀರಾ ಹುಳಿಯಾಗಿದ್ದರೆ ಗಣಿಯ ನೀರು ಬರುತ್ತಿದೆ.

ನೊರೆ ಕಂದು ಅಥವಾ ಕೆನೆ ಬಣ್ಣಕ್ಕಿದ್ದು ಮಣ್ಣಿನ ವಾಸನೆ ಬಂದರೆ ಅದು ಕೊಳೆತ ಎಲೆಯ ನೊರೆ. ಅಚ್ಚ ಬಿಳಿಯಿದ್ದು ಪರಿಮಳ ಬಂದರೆ ಸೋಪು. ಹಾಲಿನ ಹಾಗೆ ಬೆಳ್ಳಗಿನ ನೀರು ಬಂದ ಕೂಡಲೇ ಪಿಎಚ್ ಪಟ್ಟಿ ಅದ್ದಿ. 11, 12 ತೋರಿಸಿದರೆ ಮೇಲೆ ಯಾರೋ ಕಾಂಕ್ರೀಟ್ ಮಿಕ್ಸರ್ ತೊಳೆದಿದ್ದಾರೆ. ಅಂಥ ನೀರು ಮೀನಿನ ಕಿವಿರು ಸುಡುತ್ತದೆ, ಇದಕ್ಕೆ ಕಾಯಬೇಡಿ, ತಕ್ಷಣ ಫೋನ್ ಮಾಡಿ. ಕಲ್ಲುಗಳ ಮೇಲೆ ಒದ್ದೆ ಹತ್ತಿಯಂಥ ಬೂದು ಬಣ್ಣದ ಎಳೆಗಳು ತೂಗಾಡುತ್ತಿದ್ದರೆ ಅದನ್ನು ಪಾಚಿ ಅಂದುಕೊಳ್ಳಬೇಡಿ. ಅದು ಕೊಳಚೆ ತಿಂದು ಬೆಳೆಯುವ ಬ್ಯಾಕ್ಟೀರಿಯಾ, ಮೇಲೆ ಹತ್ತಿರದಲ್ಲೇ ಎಲ್ಲೋ ದಿನವೂ ಕೊಳಚೆ ಬೀಳುತ್ತಿದೆ.

ಹಳ್ಳ ವರ್ಷದಿಂದ ವರ್ಷಕ್ಕೆ ಆಳವಾಗುತ್ತಿದೆ

ಗುಡ್ಡದ ಊರಿನ ನಿಜವಾದ ರೋಗ ಇದು. ಉಳಿದ ಎಷ್ಟೋ ಲಕ್ಷಣಗಳು ಇದರ ಮಕ್ಕಳು.

ಲೆಕ್ಕ ಸರಳ. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು. ಒಂದು ಹೆಕ್ಟೇರ್ ಡಾಂಬರು, ಕಾಂಕ್ರೀಟ್ ಇದ್ದರೆ 1 ಲಕ್ಷ ಲೀಟರ್. ಅಲ್ಲಿ ಮೊದಲು ಕಾಡಿದ್ದಾಗ ಇಂಥ ಸಣ್ಣ ಮಳೆಯ ನೀರು ಬಹುತೇಕ ಎಲೆ, ತರಗು, ಮಣ್ಣಿನಲ್ಲೇ ನಿಂತುಬಿಡುತ್ತಿತ್ತು. ಈಗ ಅಷ್ಟೂ ನೀರು ಪೈಪು ಹಿಡಿದು, ಇಳಿಜಾರಿನ ವೇಗವನ್ನೂ ಸೇರಿಸಿಕೊಂಡು, ಕೆಲವೇ ನಿಮಿಷದಲ್ಲಿ ಹಳ್ಳಕ್ಕೆ ಬೀಳುತ್ತದೆ. ಹಳ್ಳಕ್ಕೆ ನೀರು ಕೊಡುವ ಜಾಗದಲ್ಲಿ ಶೇ. 10ರಷ್ಟು ನೆಲ ನೀರು ಇಂಗದಂತಾದರೆ ಹಳ್ಳದ ಆರೋಗ್ಯ ಕುಸಿಯಲು ಶುರುವಾಗುತ್ತದೆ, ಶೇ. 25 ದಾಟಿದರೆ ಹಳ್ಳ ಮೊದಲಿನಂತೆ ಇರುವುದು ಕಷ್ಟ, ಇದು ಈ ಕ್ಷೇತ್ರದವರು ಬಹಳ ಕಾಲದಿಂದ ಬಳಸುವ ಅಂದಾಜು. ಗೆರೆ ಎಳೆದ ಹಾಗೆ ಅಲ್ಲ, ನಾಜೂಕಾದ ಹುಳಗಳು ಅದಕ್ಕೂ ಮೊದಲೇ ಕಾಣೆಯಾಗುತ್ತವೆ.

ಗುರುತಿಸುವುದು ಹೇಗೆ? ಎರಡೂ ದಡ ಗೋಡೆಯ ಹಾಗೆ ನೆಟ್ಟಗಿದೆಯಾ, ಮರದ ಬೇರುಗಳು ಗಾಳಿಯಲ್ಲಿ ತೂಗುತ್ತಿವೆಯಾ ನೋಡಿ. ಮೋರಿಯ ಬಾಯಿ ಮೊದಲು ನೀರಿನ ಮಟ್ಟದಲ್ಲಿದ್ದು ಈಗ ಸೊಂಟದೆತ್ತರದಿಂದ ಧುಮುಕುತ್ತಿದ್ದರೆ ಅಲ್ಲಿ ತಳ ಅಷ್ಟು ಕೊಚ್ಚಿಹೋಗಿದೆ, ಬೇರೆ ಅಳತೆಯೇ ಬೇಡ. ಇನ್ನೊಂದು, ಹಳ್ಳದ ತಳದಲ್ಲಿ ಮೆಟ್ಟಿಲಿನಂಥ ಒಂದು ಪುಟ್ಟ ಜಲಪಾತ ಮಣ್ಣಿನಲ್ಲೇ ಆಗಿದೆಯಾ ನೋಡಿ. ಬಂಡೆಯ ಮೇಲಿನದಾದರೆ ಚಿಂತೆಯಿಲ್ಲ. ಮಣ್ಣು, ಗರಸಿನಲ್ಲಿ ಆಗಿದ್ದರೆ ಅದು ಪ್ರತಿ ಮಳೆಗೂ ಹಿಂದಕ್ಕೆ, ಅಂದರೆ ಮೇಲಕ್ಕೆ ತಿನ್ನುತ್ತಾ ಹೋಗುತ್ತದೆ. ಅದರ ಮೇಲಿನ ಭಾಗ ಇವತ್ತು ಎಷ್ಟೇ ಚೆನ್ನಾಗಿದ್ದರೂ ನಾಳೆ ಕೆಳಗಿನ ಭಾಗದ ಹಾಗೇ ಆಗುತ್ತದೆ. ಆ ಮೆಟ್ಟಿಲಿನ ಪಕ್ಕದ ಮರಕ್ಕೆ ಒಂದು ಗುರುತು ಹಾಕಿ, ಮುಂದಿನ ಮಳೆಗಾಲ ಮುಗಿದ ಮೇಲೆ ಅದು ಎಷ್ಟು ಮಾರು ಮೇಲೆ ಹೋಯಿತು ಅಂತ ಅಳೆಯಿರಿ.

ಇದಕ್ಕೆ ಯಾಕೆ ಇಷ್ಟು ಗಾಬರಿ ಅಂದರೆ, ಒಳಚರಂಡಿಯ ದೊಡ್ಡ ಪೈಪುಗಳು ಅದೇ ಕಣಿವೆಯಲ್ಲಿ, ಹಳ್ಳದ ಪಕ್ಕದಲ್ಲೇ ಇರುತ್ತವೆ. ಕೊಳಚೆಯೂ ಇಳಿಜಾರು ಹಿಡಿದೇ ಹರಿಯಬೇಕಲ್ವಾ, ಪಂಪಿನ ಖರ್ಚು ಉಳಿಯಲಿ ಅಂತ ಅಲ್ಲಿ ಹಾಕಿರುತ್ತಾರೆ. ಹಳ್ಳ ಕೊರೆದು ಪೈಪು ಹೊರಗೆ ಬಂದರೆ ಒಂದು ದೊಡ್ಡ ದಿಮ್ಮಿ ಬಡಿದರೂ ಸಾಕು. ಬಿರುಕು ಬಿಟ್ಟ ಪೈಪು ಇನ್ನೊಂದು ಆಟ ಆಡುತ್ತದೆ. ಬೇಸಿಗೆಯಲ್ಲಿ ಹಳ್ಳದ ನೀರನ್ನೇ ಒಳಗೆ ಹೀರುತ್ತದೆ, ಮಳೆಗಾಲದಲ್ಲಿ ತುಂಬಿ ಮ್ಯಾನ್‌ಹೋಲ್ ಮುಚ್ಚಳದಿಂದ ಉಕ್ಕುತ್ತದೆ. ಹಾಗಾಗಿ ಹಳ್ಳ ಒಂದು ಕಡೆ ಹರಿದು ಇನ್ನೊಂದು ಕಡೆ ಸುಮ್ನೆ ಮಾಯವಾದರೆ, ನೀರು ನೆಲದೊಳಗೆ ಇಂಗಿತು ಅಂತ ಬಿಟ್ಟುಬಿಡಬೇಡಿ, ಪಕ್ಕದ ಮ್ಯಾನ್‌ಹೋಲ್‌ಗಳ ಸಾಲು ಎಲ್ಲಿ ಹಳ್ಳ ದಾಟುತ್ತದೆ ಅಂತ ನೋಡಿ.

ಈಗ ಬಿದ್ದ ಮರದ ವಿಷಯ. ಕಡಿದಾದ ಹಳ್ಳದಲ್ಲಿ ಅಡ್ಡ ಬಿದ್ದ ದಿಮ್ಮಿ ಮೆಟ್ಟಿಲಾಗುತ್ತದೆ. ಅದರ ಹಿಂದೆ ಗರಸು ನಿಲ್ಲುತ್ತದೆ, ಮುಂದೆ ಮಡು ಆಗುತ್ತದೆ, ನೀರಿನ ರಭಸ ಅಲ್ಲೇ ಸಾಯುತ್ತದೆ. ನಾವು ಒಂದು ಭಾನುವಾರ ಹತ್ತು ಜನ ಸೇರಿ ಅಂಥ ನಾಲ್ಕು ದಿಮ್ಮಿ ಎಳೆದು ಹಾಕಿ, ಬೆನ್ನು ತಟ್ಟಿಕೊಂಡು ಫೋಟೋ ಬೇರೆ ತೆಗೆಸಿಕೊಂಡೆವು. ಎರಡು ಮಳೆಗೆ ಅದರ ಹಿಂದೆ ನಿಂತಿದ್ದ ಗರಸೆಲ್ಲ ಕೆಳಗಿನ ಮೋರಿಯೊಳಗೆ ಹೋಗಿ ಕೂತಿತು. ದಿಮ್ಮಿ ಮೋರಿಯ ಬಾಯಿಗೆ ಅಡ್ಡವಾಗಿದ್ದರೆ ತೆಗೆಯಿರಿ, ಪೈಪಿಗೆ ಬಡಿಯುವಂತಿದ್ದರೆ ತೆಗೆಯಿರಿ. ಇಲ್ಲದಿದ್ದರೆ ಮುಟ್ಟಬೇಡಿ.

ಮರಗಳಿವೆ, ಸಸಿಗಳಿಲ್ಲ

ದೂರದಿಂದ ಹಸಿರು ಚಪ್ಪರದ ಹಾಗೆ ಕಾಣುವ ಕಾಡು ಒಳಗೆ ಹೋದರೆ ವೃದ್ಧಾಶ್ರಮ. ದೊಡ್ಡ ಮರಗಳಿವೆ, ಮೊಣಕಾಲೆತ್ತರದ ಮಕ್ಕಳಿಲ್ಲ, ಆಳೆತ್ತರದ ಹರೆಯದವರೂ ಇಲ್ಲ. ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಜಾಗ ಹಿಡಿದು ಎಣಿಸಿ. ಮೊಳಕೆಯೇ ಇಲ್ಲವೋ, ಮೊಳಕೆ ಇದ್ದು ಆಮೇಲೆ ಸಾಯುತ್ತವೋ ಅನ್ನುವುದು ಮುಖ್ಯ ಪ್ರಶ್ನೆ.

ಮೊಳಕೆಯೇ ಇಲ್ಲದಿದ್ದರೆ ನೆಲ ನೋಡಿ. ಸ್ಕ್ರೂಡ್ರೈವರ್ ಚುಚ್ಚಿ. ಮಳೆಯಾದ ಎರಡು ದಿನದ ನಂತರವೂ ಇಳಿಯದಿದ್ದರೆ ಕಾಲುಹಾದಿ, ಸೈಕಲ್ ಹಾದಿಗಳು ನೆಲವನ್ನು ಗಟ್ಟಿ ಮಾಡಿವೆ. ತರಗೆಲೆ ಇಲ್ಲದೆ ಬರಿ ಮಣ್ಣು ಕಂಡರೆ ಮೇಲಿನ ರಸ್ತೆಯ ನೀರು ಹಾಳೆಯ ಹಾಗೆ ಹರಿದು ಬೀಜ ಸಮೇತ ಗುಡಿಸಿಕೊಂಡು ಹೋಗಿದೆ. ನೆಲವೇ ಕಾಣದಷ್ಟು ಒಂದೇ ಗಿಡ ಹಬ್ಬಿದ್ದರೆ, ಬೆಚ್ಚಗಿನ ನಾಡುಗಳಲ್ಲಿ ಲಂಟಾನ, ತಣ್ಣನೆಯ ನಾಡುಗಳಲ್ಲಿ ಜಪಾನಿನಿಂದ ಬಂದ ನಾಟ್‌ವೀಡ್ ಅಥವಾ ಐವಿ ಬಳ್ಳಿ, ಬೆಳಕೇ ಕೆಳಗೆ ಬೀಳುವುದಿಲ್ಲ. ಕಡಿಯುವ ಮುನ್ನ ಎರಡು ಮಾತು. ನಾಟ್‌ವೀಡ್‌ನ ಬೆರಳುದ್ದದ ತುಂಡು ನೀರಲ್ಲಿ ತೇಲಿಹೋದರೂ ಕೆಳಗೆ ಹೊಸ ಪೊದೆ ಏಳುತ್ತದೆ, ಆದ್ದರಿಂದ ಮೇಲಿನಿಂದ ಶುರು ಮಾಡಿ ಕೆಳಕ್ಕೆ ಬನ್ನಿ, ಒಂದು ತುಂಡೂ ಹಳ್ಳಕ್ಕೆ ಬೀಳಬಾರದು. ಇನ್ನೊಂದು, ಕಡಿದಾದ ದಡದಲ್ಲಿ ಆ ಕಳೆಯೇ ಈಗ ಮಣ್ಣು ಹಿಡಿದಿರಬಹುದು. ಒಂದೇ ದಿನ ಪೂರ್ತಿ ಬೋಳಿಸಿದರೆ ಮುಂದಿನ ಮಳೆಗೆ ದಡವೇ ಇಳಿಯುತ್ತದೆ. ಪಟ್ಟಿ ಪಟ್ಟಿಯಾಗಿ ತೆಗೆಯಿರಿ.

ದಡದ ದೊಡ್ಡ ಮರಗಳು ತುದಿಯಿಂದ ಒಣಗುತ್ತಿದ್ದರೆ ರೋಗ, ಹುಳ ಅಂತ ಔಷಧಿ ಹುಡುಕುವ ಮೊದಲು, ಹಳ್ಳ ಆಳವಾಗುವ ಬಗ್ಗೆ ಮೇಲೆ ಬರೆದದ್ದನ್ನು ನೆನಪಿಸಿಕೊಳ್ಳಿ. ಹಳ್ಳ ಎರಡು ಮೀಟರ್ ಕೊರೆದರೆ ದಡದ ನೆಲದಡಿಯ ನೀರೂ ಅದರ ಜೊತೆ ಇಳಿಯುತ್ತದೆ. ಹಳ್ಳದ ಪಕ್ಕದಲ್ಲೇ ನಿಂತ ಮರ ಬಾಯಾರಿಕೆಯಿಂದ ಸಾಯುವುದು ಹೀಗೆ. ಅಲ್ಲಿ ನೀರು ಬೇಡುವ ಜಾತಿಯ ಸಸಿಗಳನ್ನು ನೆಟ್ಟು ಮೂರು ವರ್ಷ ಬಕೆಟ್ ಹೊತ್ತವರನ್ನು ನೋಡಿದ್ದೇನೆ, ಪಾಪ.

ನೀರು ತಿಳಿಯಾಗಿದೆ, ಜೀವ ಇಲ್ಲ

ಅಂಗೈಯಗಲದ ಕಲ್ಲುಗಳನ್ನು ಎತ್ತಿ ಅಡಿ ನೋಡಿ, ಜರಡಿ ಹಿಡಿದು ಮೇಲಿನ ಗರಸನ್ನು ಕಾಲಿನಿಂದ ಕಲಕಿ, ಸಿಕ್ಕಿದ್ದನ್ನು ಬಿಳಿ ತಟ್ಟೆಗೆ ಸುರಿಯಿರಿ. ನೀರಿನಲ್ಲಿ ಬೆಳೆದು ಆಮೇಲೆ ಹಾರುವ ಕೀಟಗಳಾದ ಮೇಫ್ಲೈ, ಸ್ಟೋನ್‌ಫ್ಲೈ ಮರಿಗಳು, ಕಡ್ಡಿ ಮರಳಿನ ಗೂಡು ಹೊತ್ತ ಕ್ಯಾಡಿಸ್‌ಫ್ಲೈ ಮರಿಗಳು ಸಿಕ್ಕರೆ ಹಳ್ಳ ಉಸಿರಾಡುತ್ತಿದೆ. ಬರೀ ಕೆಂಪು ಹುಳ, ಜಿಗಣೆ ಸಿಕ್ಕರೆ ಆಮ್ಲಜನಕದ ಕೊರತೆ. ಏನೂ ಸಿಗದಿದ್ದರೆ ವಿಷ ಅಥವಾ ರಭಸ.

ಆಮ್ಲಜನಕ ಅಳೆಯುವುದಾದರೆ ಸೂರ್ಯ ಹುಟ್ಟುವ ಮೊದಲು ಅಳೆಯಿರಿ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೂ ಉಸಿರಾಡಿ ಖಾಲಿ ಮಾಡುತ್ತದೆ. ಮಧ್ಯಾಹ್ನದ ಅಳತೆ ನೋಡಿ ಎಲ್ಲ ಸರಿಯಿದೆ ಅಂದುಕೊಂಡು ಮೋಸ ಹೋಗುವವರೇ ಜಾಸ್ತಿ. ಬಿಸಿಯೂ ಸೇರಿದರೆ ಇನ್ನೂ ಕಷ್ಟ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯದು 7.5ರ ಆಸುಪಾಸು ಮಾತ್ರ. 5ಕ್ಕಿಂತ ಕೆಳಗಿಳಿದರೆ ಹಲವು ಮೀನುಗಳು ಒದ್ದಾಡುತ್ತವೆ. ಬೇಸಿಗೆಯ ಸಂಜೆ ಮಳೆಯ ಮೊದಲ ಹತ್ತು ನಿಮಿಷ ಥರ್ಮಾಮೀಟರ್ ಅದ್ದಿ ನೋಡಿ, ಕಾದ ಡಾಂಬರಿನ ಮೇಲಿಂದ ಬಂದ ನೀರು ಹಳ್ಳವನ್ನು ಎಷ್ಟು ಬೇಗ ಬಿಸಿ ಮಾಡುತ್ತದೆ ಅಂತ ಗೊತ್ತಾಗುತ್ತದೆ.

ಹುಳಗಳಿದ್ದು ಮೀನಿಲ್ಲದಿದ್ದರೆ ಕೆಳಗಿನ ರಸ್ತೆಯ ಮೋರಿ ನೋಡಿ. ನೀರು ಅದರಿಂದ ಧುಮುಕುತ್ತಿದ್ದರೆ ಮೀನು ಹತ್ತಲಾರದು, ಅಷ್ಟೇ ಕಾರಣ.

ಇನ್ನು ಕಣ್ಣಿಗೂ ಮೂಗಿಗೂ ಸಿಗದ ವಿಷ. ಅಮೆರಿಕದ ಸಿಯಾಟಲ್ ಸುತ್ತಲಿನ ಹಳ್ಳಗಳಲ್ಲಿ ಕೋಹೊ ಸಾಲ್ಮನ್ ಮೀನುಗಳು ಸಮುದ್ರದಿಂದ ವಾಪಸ್ ಬಂದು, ಮಳೆಯಾದ ಮೇಲೆ, ಮೊಟ್ಟೆ ಇಡುವ ಮೊದಲೇ ಸಾಯುತ್ತಿದ್ದವು. ಹಳ್ಳಗಳನ್ನು ಚೆಂದ ಮಾಡಿದ್ದರೂ ಸಾಯುತ್ತಿದ್ದವು. ವರ್ಷಗಟ್ಟಲೆ ಹುಡುಕಿ 2020ರಲ್ಲಿ ಕಾರಣ ಸಿಕ್ಕಿತು. ಟೈರು ಬಿರುಕು ಬಿಡದಿರಲಿ ಅಂತ ರಬ್ಬರಿಗೆ ಸೇರಿಸುವ 6ಪಿಪಿಡಿ ಅನ್ನುವ ರಾಸಾಯನಿಕ ಗಾಳಿಯ ಓಝೋನ್ ಜೊತೆ ಸೇರಿ ಬೇರೆಯೇ ವಿಷವಾಗಿ, ಸವೆದ ಟೈರಿನ ಪುಡಿಯ ಜೊತೆ ರಸ್ತೆಯಿಂದ ಹಳ್ಳಕ್ಕೆ ಇಳಿಯುತ್ತಿತ್ತು. ಅದೇ ರಸ್ತೆಯ ನೀರನ್ನು ಮರಳು ಮತ್ತು ಕಾಂಪೋಸ್ಟಿನ ಪದರದಲ್ಲಿ ಇಳಿಸಿ ಕೊಟ್ಟಾಗ ಮೀನು ಬದುಕಿದವು. ಮನೆಯಲ್ಲಿ ಇದನ್ನು ಅಳೆಯಲಾಗದು. ಆದರೆ ಸಾವು ಮಳೆಯ ದಿನಗಳಲ್ಲೇ ಆಗುತ್ತಿದೆಯಾ, ಒಣ ದಿನಗಳಲ್ಲಾ ಅಂತ ಡೈರಿಯಲ್ಲಿ ಬರೆದಿಟ್ಟರೆ ರಸ್ತೆಯ ಕಡೆ ನೋಡಬೇಕೋ ಪೈಪಿನ ಕಡೆ ನೋಡಬೇಕೋ ಗೊತ್ತಾಗುತ್ತದೆ.

ಇಳಿಜಾರೇ ಜಾರುತ್ತಿದೆ

ಮರದ ಬುಡ ಬಿಲ್ಲಿನ ಹಾಗೆ ಬಾಗಿ ಮೇಲೆ ನೆಟ್ಟಗಿದ್ದರೆ ಮಣ್ಣು ನಿಧಾನವಾಗಿ, ವರ್ಷಗಳಿಂದ ಇಳಿಯುತ್ತಿರಬಹುದು. ಮರ ಬುಡದಿಂದ ತುದಿಯವರೆಗೂ ನೆಟ್ಟಗಿದ್ದು ಪೂರ್ತಿಯಾಗಿ ವಾಲಿದರೆ ಅದು ಇತ್ತೀಚಿನದು. ನೆಲದಲ್ಲಿ ಹೊಸ ಬಿರುಕು ಕೂಡ ಕಂಡರೆ ಅಲ್ಲಿಂದ ದೂರ ಬನ್ನಿ, ಇದು ಎಂಜಿನಿಯರ್ ನೋಡಬೇಕಾದ್ದು. ಕಾರಣ ಹುಡುಕುವಾಗ ದಿಣ್ಣೆಯ ಅಂಚಿನ ಮನೆಗಳ ಹಿಂಭಾಗ ನೋಡಿ. ತಾರಸಿಯ ಪೈಪು ನೇರ ಇಳಿಜಾರಿಗೆ ಬಿಟ್ಟಿರುವುದು, ಮತ್ತು ತೋಟದ ಕಸ, ಕಟ್ಟಡದ ಮಣ್ಣು ಅಂಚಿನಿಂದ ಕೆಳಗೆ ಸುರಿದಿರುವುದು. ಕಸ ಎಲೆಯೇ ಅಲ್ವಾ, ಗೊಬ್ಬರ ಆಗುತ್ತದೆ ಅನ್ನುತ್ತಾರೆ. ಒದ್ದೆಯಾದ ಹುಲ್ಲಿನ ರಾಶಿ ಭಾರವೂ ಹೌದು, ಅಡಿಯ ಗಿಡಗಳಿಗೆ ಮುಚ್ಚಳವೂ ಹೌದು.

ರಿಪೇರಿ ಯಾವ ಕ್ರಮದಲ್ಲಿ

ಮೊದಲು ಕೊಳಚೆ ನಿಲ್ಲಿಸಿ. ಅದು ನಿಲ್ಲದೆ ಬೇರೆ ಯಾವುದರ ಫಲಿತಾಂಶವೂ ಅಳೆಯಲು ಸಿಗುವುದಿಲ್ಲ. ಆಮೇಲೆ ಮೇಲಿನ ನೀರು ನಿಧಾನ ಮಾಡಿ: ತಾರಸಿಯ ಪೈಪನ್ನು ಮೋರಿಯಿಂದ ಬಿಡಿಸಿ ತೊಟ್ಟಿಗೆ, ಸಮತಟ್ಟಾದ ಜಾಗದ ಇಂಗುಗುಂಡಿಗೆ, ಮಣ್ಣು ಗಿಡ ಇರುವ ತಗ್ಗಿಗೆ ತಿರುಗಿಸಿ. ಒಂದು ಎಚ್ಚರಿಕೆ, ಕಡಿದಾದ ಇಳಿಜಾರಿನ ಅಂಚಿನಲ್ಲಿ ಇಂಗುಗುಂಡಿ ತೋಡಬೇಡಿ. ಒಳಗೆ ಇಳಿದ ನೀರೇ ಗುಡ್ಡ ಜಾರಿಸಬಹುದು. ಅಲ್ಲಿ ತೊಟ್ಟಿಯಲ್ಲಿ ಹಿಡಿದು ಕೊಳವೆಯಲ್ಲಿ ಮೆಲ್ಲಗೆ ಕೆಳಗಿಳಿಸುವುದೇ ಸರಿ. ಮೂರನೆಯದಾಗಿ ಮಣ್ಣು ತಿನ್ನುತ್ತಾ ಮೇಲೇರುವ ಆ ಮೆಟ್ಟಿಲನ್ನು ಕಲ್ಲು, ದಿಮ್ಮಿ ಹಾಕಿ ಅಲ್ಲೇ ನಿಲ್ಲಿಸಿ. ಒಳಚರಂಡಿ ಪೈಪು ಹೊರಗೆ ಬಂದಿದ್ದರೆ ಮಾತ್ರ ಇದು ಎಲ್ಲಕ್ಕಿಂತ ಮೊದಲು. ಕಳೆ ಆಮೇಲೆ, ಸಸಿ ಎಲ್ಲದಕ್ಕಿಂತ ಕೊನೆಗೆ.

ಕೆಲಸ ಮಾಡಿತೋ ಇಲ್ಲವೋ ನೋಡಲು ದಡದಲ್ಲಿ ಅರ್ಧ ಮೀಟರ್ ಉದ್ದದ ಕಬ್ಬಿಣದ ಸರಳನ್ನು ಅಡ್ಡಲಾಗಿ, ತಲೆ ಮಾತ್ರ ಕಾಣುವಂತೆ ಹೊಡೆದಿಡಿ. ಪ್ರತಿ ಮಳೆಗಾಲದ ನಂತರ ಎಷ್ಟು ಹೊರಗೆ ಬಂದಿದೆ ಅಂತ ಅಳೆಯಿರಿ. ಮೊದಲ ವರ್ಷ 10 ಸೆಂಟಿಮೀಟರ್ ಬಂದಿದ್ದು ಮೂರನೆಯ ವರ್ಷ 2 ಆದರೆ ಮೇಲೆ ಮಾಡಿದ ಕೆಲಸ ಕೆಳಗೆ ತಲುಪಿದೆ. ಹುಳಗಳು ಇದಕ್ಕಿಂತ ತಡವಾಗಿ ಬರುತ್ತವೆ. ಹತ್ತಿರದಲ್ಲಿ ಇನ್ನೊಂದು ಒಳ್ಳೆಯ ಹಳ್ಳ ಇದ್ದರೆ ಅಲ್ಲಿಂದ ಹಾರಿ ಬರಬೇಕು, ಇಲ್ಲದಿದ್ದರೆ ಇನ್ನೂ ಕಾಯಬೇಕು.